ಅತ್ತೆಗೊಂದಿಷ್ಟು ಮೆತ್ತಗೆ

"ಎತ್ತಿನ ಗಾಡಿ" ಅಂದುಬಿಟ್ಟಳು ನಿವೆಸ್. ಎರ್ಮಾನೊನ ಕೆಂಪು ಸ್ಪೋರ್ಟ್ಸ್ ಕಾರಿಗೆ, ಅದೂ ಇಂಥ ಕಾರುಗಳ ತವರೂರು ಮೊದೆನಾದಲ್ಲಿ ನಿಂತುಕೊಂಡು, ಕಟ್ಟಿಕೊಂಡ ಹೆಂಡತಿಯೇ! ಬೇರೆ ಊರಾಗಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ಮೊದೆನಾದ ಕೂಸುಗಳು ಅಮ್ಮ ಅನ್ನುವ ಮೊದಲೇ ಎಂಜಿನ್ ಸದ್ದು ಮಾಡುತ್ತವೆ.

"ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿಯಾಗಿದ್ರೇನೇ ಕಾರು ತಿರುವಲ್ಲಿ ನೆಲ ಕಚ್ಕೊಳ್ಳೋದು ಕಣೇ! ನಿಂಗೇನು ತೊಟ್ಟಿಲು ಬೇಕಾ?"

"ಭಾನುವಾರ ಅಮ್ಮನ್ನ ಪಾವುಲ್ಲೊಗೆ, ಅಕ್ಕನ ಮನೆ ಊಟಕ್ಕೆ ಕರ್ಕೊಂಡು ಹೋಗ್ಬೇಕು. ಎಪ್ಪತ್ತಾರು ವರ್ಷದ ಸೊಂಟ ಅದು. ದಾರೀಲಿ ಅಮ್ಮ ಒಂದ್ಸಲ ಅಯ್ಯೋ ಅಂದ್ರೂ ಸೋಮವಾರ ಈ ಕಾರು ಮಾರಾಟಕ್ಕೆ."

ನಿವೆಸ್ ಅಂದದ್ದನ್ನು ಮಾಡದೆ ಬಿಟ್ಟ ದಾಖಲೆಯಿಲ್ಲ. (ಅವನ ಮೋಟಾರ್ ಬೈಕು ಕಣ್ಮರೆಯಾದದ್ದೂ ಒಂದು ಸೋಮವಾರವೇ.)

ಶನಿವಾರ ಎರ್ಮಾನೊ ಡಿಕ್ಕಿ ತೆರೆದು, ಕಾರ್ಪೆಟ್ ಮಡಚಿ, ಸೊಂಟದವರೆಗೆ ಒಳಗೆ ತೂರಿಕೊಂಡ. ಎರಡೂ ಶಾಕ್‌ಗಳ ನೆತ್ತಿಯಲ್ಲಿ ಬಾಟಲಿ ಮುಚ್ಚಳದಷ್ಟು ದೊಡ್ಡ ತಿರುಪು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಮೆದು. ಟಿಕ್ ಟಿಕ್ ಎಂದು ಹದಿನಾರು ಹಂತ. ಎರಡೂ ಕಡೆ ಸಮನಾಗಿರಲೇಬೇಕು. (ಒಂದು ಕಡೆಗೆ ಹೆಚ್ಚು ಒಲಿದರೆ ಏನಾಗುತ್ತದೆಂದು ಹೆಂಡತಿಗೂ ಅತ್ತೆಗೂ ನಡುವೆ ಬಾಳುವವನಿಗೆ ಯಾರೂ ಹೇಳಿಕೊಡಬೇಕಿಲ್ಲ.) ಹದಿನಾರಕ್ಕೆ ಹದಿನಾರೂ ಸಡಿಲಿಸಿದ. ಒಂದೊಂದು ಟಿಕ್ಕಿಗೂ ಎದೆ ಚುಳ್ಳೆಂದಿತು. ಎಂಥ ಸಿಂಹವನ್ನು ಬೆಕ್ಕು ಮಾಡಿಬಿಟ್ಟರು, ಈ ಹೆಂಗಸರು!

ಭಾನುವಾರ ಅತ್ತೆ ಜೆಲಿಂದಾ ಮುಂದೆ ಕೂತರು, ನಿವೆಸ್ ಹಿಂದೆ. ಬೆಟ್ಟದ ದಾರಿ ಶುರುವಾಯಿತು. ಕಾರಿನ ಹಿಂಭಾಗ ಏಳುತ್ತಾ ಬೀಳುತ್ತಾ ತೇಲತೊಡಗಿತು. ನಾಲ್ಕನೇ ತಿರುವಿನಲ್ಲಿ ಅತ್ತೆ ಬಾಯಿಗೆ ಕರ್ಚೀಫು ಒತ್ತಿಕೊಂಡರು.

"ಅಯ್ಯೋ, ನಿಲ್ಸೋ ಎರ್ಮಾನೊ!"

"ಅಯ್ಯೋ ಅಂದ್ರು! ಕೇಳಿಸ್ತಾ?" ಹಿಂದಿನಿಂದ ನಿವೆಸ್.

"ಇದೇನು ಕಾರೋ ದೋಣಿಯೋ? ಹೊಟ್ಟೆ ತೊಳಸ್ತಾ ಇದೆ. ಹಿಂದುಗಡೆ ಇಷ್ಟು ಮೆತ್ತಗೆ ಮಾಡಿದ ಮುಟ್ಠಾಳ ಯಾರು?"

"ನಾನೇ ಅತ್ತೆ. ನಿಮ್ಮ ಸೊಂಟಕ್ಕೋಸ್ಕರ..."

"ನನ್ನ ಸೊಂಟಕ್ಕೇನು ಧಾಡಿ? ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಸೊಂಟ ಇದು! ಬಿಗಿ ಮಾಡು."

"ಎಷ್ಟು?"

"ಪೂರ್ತಿ!"

ಇಸ್ತ್ರಿ ಮಾಡಿದ ಸೂಟಿನಲ್ಲೇ ರಸ್ತೆ ಬದಿಯಲ್ಲಿ ಅವನು ಮತ್ತೆ ಡಿಕ್ಕಿಯೊಳಗೆ ತೂರಿದ. ಸಿಟ್ಟಿತ್ತು ನಿಜ, ಆದರೆ ಒಳಗೊಳಗೇ ಹಿಗ್ಗೂ ಇತ್ತು. ಕೊನೆಗೂ ಸತ್ಯಕ್ಕೆ ಜಯ! ಎರಡೂ ಕಡೆ ಸೇರಿ ಮೂವತ್ತೆರಡು ಟಿಕ್ ಮುಗಿಸಿ ತಲೆ ಹೊರಗೆ ತೆಗೆದರೆ ಸ್ಟಿಯರಿಂಗ್ ಮುಂದೆ ಅತ್ತೆ, ಪಕ್ಕದಲ್ಲಿ ನಿವೆಸ್.

"ಸರಿಯಾಗಿ ಬಿಗಿದಿದ್ದೀಯೋ ಇಲ್ವೋ ನಾನೇ ನೋಡ್ತೀನಿ. ನೀನು ಹಿಂದೆ ಹತ್ತು."

ಕಾರು ಕೊಂಡು ಐದು ವರ್ಷವಾಗಿತ್ತು. ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಮಂಡಿ ಗಲ್ಲಕ್ಕೆ ತಾಗಿತು. ರಸ್ತೆಯ ಮೊದಲ ಗುಂಡಿಗೆ ತಲೆ ಚಾವಣಿಗೆ ಬಡಿಯಿತು. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡ. ಮೂರನೆಯದಕ್ಕೆ ಬೆನ್ನಿನಲ್ಲಿ ಏನೋ ಲಟಕ್ಕೆಂದಿತು. ಮುಂದೆ ತಾಯಿ ಮಗಳು ಕೇಕೆ ಹಾಕಿ ನಗುತ್ತಿದ್ದರು.

"ಕಾರು ಮಾರೋದು ಬೇಡ ಬಿಡು," ಎಂದಳು ನಿವೆಸ್. "ಇನ್ಮೇಲೆ ಪ್ರತಿ ಭಾನುವಾರ ಅಮ್ಮನೇ ಓಡಿಸ್ಲಿ."

"ಅತ್ತೆ," ಎರ್ಮಾನೊ ನರಳಿದ, "ಒಂದೆರಡು ಟಿಕ್ ಆದ್ರೂ ಮೆತ್ತಗೆ..."

ಜೆಲಿಂದಾ ಕನ್ನಡಿಯಲ್ಲಿ ಅಳಿಯನನ್ನು ಒಮ್ಮೆ ನೋಡಿ ಗೇರ್ ಬದಲಿಸಿದರು.

"ಮುಂದಿನ ವಾರ ಒಂದು ದಿಂಬು ತಂದ್ಕೊಳಪ್ಪ."