ಸಂಕಪ್ಪನವರ ಕರುಳಿಗೆ ಹಸಿರು ಟಿಕ್

ಪುಣೆಯ ನಿಗಡಿಯಲ್ಲಿರುವ ನಮ್ಮ ಆಸ್ಪತ್ರೆಯಲ್ಲಿ, ಹೊಟ್ಟೆ ಸ್ವಚ್ಛ ಮಾಡಿಕೊಳ್ಳದೆ ಕೊಲೊನೋಸ್ಕೋಪಿಗೆ ಬರುವ ರೋಗಿಗಳನ್ನು ಸಂಪೂರ್ಣವಾಗಿ ನಿರ್ಮೂಲನೆ ಮಾಡಲಾಗಿದೆ ಎಂದು ತಿಳಿಸಲು ಹರ್ಷವಾಗುತ್ತದೆ. ಕೊಲೊನೋಸ್ಕೋಪಿ ಎಂದರೆ ಹಿಂಬದಿಯಿಂದ ಕ್ಯಾಮೆರಾ ತೂರಿಸಿ ಕರುಳಿನ ಒಳಗನ್ನು ನೋಡುವ ಪರೀಕ್ಷೆ. ಹಿಂದಿನ ದಿನವೇ ಭೇದಿಯ ಔಷಧಿ ಕುಡಿದು ಎಲ್ಲ ಖಾಲಿ ಮಾಡಿರಬೇಕು. ಮೊದಲು ಇದನ್ನು ನರ್ಸುಗಳು ಬಾಯಲ್ಲಿ ಹೇಳುತ್ತಿದ್ದರು. ಬಾಯಲ್ಲಿ ಹೇಳಿದ್ದಕ್ಕೆ ಪುರಾವೆ ಎಲ್ಲಿದೆ, ಹೇಳಿ? ಆದ್ದರಿಂದ ‘ಶುದ್ಧೋದರ’ ಎಂಬ ಮೊಬೈಲ್ ಆ್ಯಪ್ ಬಂತು. ಅದು ವಿಡಿಯೊ ತೋರಿಸುತ್ತದೆ, ಪ್ರತಿ ಲೋಟಕ್ಕೂ ಮುಖ ನೋಡಿ ಗುರುತು ಹಿಡಿಯುತ್ತದೆ, ಕೊನೆಗೆ ಹಸಿರು ಟಿಕ್ ಕೊಡುತ್ತದೆ. ಟಿಕ್ ಬಂದ ಮುಖಕ್ಕೇ ಪರೀಕ್ಷೆ ಎಂಬುದು ನಿಯಮ.

ಇಲ್ಲೇ ಹೋಟೆಲ್ ನಡೆಸುವ ಸಂಕಪ್ಪನವರಿಗೆ ಕೆಲವು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಅವರ ಅಣ್ಣ ಇದೇ ರಕ್ತವನ್ನು ಮೂಲವ್ಯಾಧಿ ಎಂದುಕೊಂಡೇ ತೀರಿಹೋಗಿದ್ದರಿಂದ ಹೆಂಡತಿ ಕುಸುಮ ತುಂಬ ಹೆದರಿದ್ದರು. ಸಂಕಪ್ಪನವರದು ಬಟನ್ ಫೋನು. ಗಲ್ಲಾದಲ್ಲಿ ಕೂರುವವರಿಗೆ ಅಷ್ಟು ಸಾಕು. ಹಾಗಾಗಿ ಆ್ಯಪ್ ಇಳಿದದ್ದು ಕುಸುಮ ಅವರ ಫೋನಿಗೆ. ನಮ್ಮ ರೋಗಿ ಶಿಕ್ಷಣಾಧಿಕಾರಿ ಅಂಬಾದಾಸ ಅವರು ನಿಯಮದಂತೆ ಫೋನಿನ ಒಡತಿಯ ಮುಖವನ್ನೇ ದಾಖಲಿಸಿದರು.

“ಕಾಯಿಲೆ ನನ್ನದು ಮಾರಾಯ್ರೆ!” ಎಂದರು ಸಂಕಪ್ಪ.

“ಹೌದ್ರಿ. ಆದರ ಫೋನ್ ಅವರದ ಅದ. ಆ್ಯಪ್ ಫೋನಿನ ಜೋಡಿ ಮಾತಾಡ್ತದರಿ, ಕಾಯಿಲೆ ಜೋಡಿ ಅಲ್ಲ.”

ಪರೀಕ್ಷೆಯ ಹಿಂದಿನ ದಿನ ಕುಸುಮ ವಿಡಿಯೊವನ್ನು ಭಕ್ತಿಯಿಂದ ನೋಡಿದರು. ಔಷಧಿಯ ಲೋಟ ಗಂಡನ ಕೈಗೆ ಕೊಟ್ಟರೆ ಆ್ಯಪ್ ‘ಅಪರಿಚಿತ ವ್ಯಕ್ತಿ’ ಎಂದು ಕೆಂಪಗಾಯಿತು. ತಾವೇ ಹಿಡಿದರೆ ‘ಶಾಭಾಸ್, ಕುಡಿಯಿರಿ’ ಎಂದಿತು. ಕುಡಿದರು. ಗಂಡನ ಪರೀಕ್ಷೆ ತಪ್ಪಿಹೋದರೆ ಗತಿ ಏನು? ಸಂಜೆಯವರೆಗೂ ಕಕ್ಕಸಿಗೆ ಓಡಿ ಓಡಿ ಪಾಪ, ಹೈರಾಣಾದರು. ಸಂಕಪ್ಪನವರು ಮರುದಿನ ಬೆಳಿಗ್ಗೆ ಎಂದಿನಂತೆ ಮೊದಲ ಗಿರಾಕಿ ಬರುವ ಮುಂಚೆ ಸಾಂಬಾರಿನ ರುಚಿ ನೋಡಿದರು. ಇಡ್ಲಿಯಿಲ್ಲದೆ ಸಾಂಬಾರಿನ ರುಚಿ ತಿಳಿಯುವುದಿಲ್ಲವಾದ್ದರಿಂದ ಇಡ್ಲಿಯನ್ನೂ ನೋಡಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಆರತಿಯವರ ಮುಂದೆ ವಿಷಯ ಬಂತು. ರೋಗಿಯ ಹೊಟ್ಟೆಯಲ್ಲಿ ಇಡ್ಲಿ, ಟಿಕ್ ಹೆಂಡತಿಯ ಮುಖಕ್ಕೆ. ಅವರು ಸ್ವಲ್ಪ ಹೊತ್ತು ಯೋಚಿಸಿದ್ದು ನಿಜ. ಆದರೆ ಟಿಕ್ ಬಂದ ಹೊಟ್ಟೆಯನ್ನು ವಾಪಸ್ ಕಳಿಸಿದರೆ ಆಸ್ಪತ್ರೆಯ ‘ಶೇಕಡಾ ನೂರು ಸಿದ್ಧತೆ’ ಫಲಕವನ್ನು ಗೋಡೆಯಿಂದ ಇಳಿಸಬೇಕಾಗುತ್ತಿತ್ತು. ಅದನ್ನು ಮೊನ್ನೆಯಷ್ಟೇ ಹಾರ ಹಾಕಿ ಅನಾವರಣ ಮಾಡಲಾಗಿತ್ತು. ಹಾಗಾಗಿ ಡಾಕ್ಟರು ಟಿಕ್ ಬಂದ ಕುಸುಮ ಅವರನ್ನೇ ಪರೀಕ್ಷೆಗೆ ಕರೆದರು.

“ಅವಳಿಗೆ ಎಂತ ಆಗಿದೆ ಅಂತ ಅವಳನ್ನು ನೋಡುವುದು?” ಸಂಕಪ್ಪ ಕೂಗಾಡಿದರು.

“ಏನಾಗೇದ ಅಂತ ತಿಳ್ಕೊಳ್ಳಾಕ ಪರೀಕ್ಷೆ ಮಾಡೋದ್ರಿ,” ಎಂದರು ಅಂಬಾದಾಸ.

“ನೀವು ಸುಮ್ಮನಿರಿ. ಯಾರದ್ದಾದರೂ ನೋಡಲಿ, ಒಮ್ಮೆ ಮುಗಿಯಲಿ,” ಎಂದು ಕುಸುಮ ಮಂಚ ಹತ್ತಿ ಮಲಗಿದರು. ನಿಲ್ಲಲು ಅವರಿಗೆ ತ್ರಾಣವೂ ಇರಲಿಲ್ಲ.

ಚೀಟಿ ಸಂಕಪ್ಪನವರದಾದ್ದರಿಂದ ರಿಪೋರ್ಟು ನಿಯಮದಂತೆ ಅವರ ಹೆಸರಿಗೇ ಬಂತು. ಕರುಳು ಅತ್ಯುತ್ತಮವಾಗಿ ಸ್ವಚ್ಛವಾಗಿದೆ, ಯಾವ ದೋಷವೂ ಇಲ್ಲ, ನಾರ್ಮಲ್.

“ಮತ್ತೆ ರಕ್ತ ಹೋಗುವುದು?” ಎಂದರು ಸಂಕಪ್ಪ.

“ರಿಪೋರ್ಟಿನಾಗ ಇಲ್ಲಲ್ರಿ ಅದು. ಇನ್ನ ಮ್ಯಾಲ ಹೋದ್ರ ಅದನ್ನ ನಾರ್ಮಲ್ ಅಂತ ತಿಳೀಬೇಕ್ರಿ.”

ಸಂಕಪ್ಪನವರು ಎರಡೆರಡು ಸಲ ಓದಿದರು. ಹೆಸರು ತಮ್ಮದೇ, ವಯಸ್ಸೂ ತಮ್ಮದೇ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ದಿನ ಹೋಟೆಲಿನಲ್ಲಿ ಎಲ್ಲರಿಗೂ ಶಿರಾ ಹಂಚಿದರು.

ಮರುದಿನ ಬೆಳಿಗ್ಗೆ ಅವರು ಕಕ್ಕಸಿನಿಂದ ಹೊರಬಂದಾಗ ಕುಸುಮ ಬಾಗಿಲಲ್ಲೇ ನಿಂತಿದ್ದರು.

“ಇವತ್ತೂ ರಕ್ತ ಹೋಯಿತಾ?”

“ಹೋಯಿತು. ನಿನ್ನೆಗಿಂತ ಜಾಸ್ತಿಯೇ. ಆದರೆ ನಾರ್ಮಲ್.”

“ದೇವರು ದೊಡ್ಡವನು,” ಎಂದು ಕುಸುಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ್ಯಪ್ ಕೇಳಿದ್ದಕ್ಕೆ ಐದು ನಕ್ಷತ್ರ ಒತ್ತಿ, ಗಂಡನಿಗೆ ಕಾಫಿ ತರಲು ಒಳಗೆ ಹೋದರು.