ಕಪಿಲೆ ಎತ್ತು ಕಟ್ಟಿ ಹುಣಸೆ ಮರ ಏರಿದ್ದು

ಮರ ಹತ್ತುವ ಕಸುಬಿನಲ್ಲಿ ಕುರುಗೋಡು ಸೀಮೆಗೆಲ್ಲ ನನ್ನಷ್ಟು ಜೋಕೆಯ ಮನುಷ್ಯ ಇನ್ನೊಬ್ಬನಿಲ್ಲ. ಇದು ನಾನೇ ಹೇಳಿಕೊಳ್ಳುತ್ತಿದ್ದ ಮಾತು. ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿತ್ತು!

ಬೆಳಿಗ್ಗೆ ಅಂಬಲಿ ಕುಡಿದು, ಕೊಡಲಿಗೆ ಸಾಣೆ ಹಿಡಿದು, ಪುಂಡಿ ನಾರಿನ ಹಗ್ಗವನ್ನು ತುದಿಯಿಂದ ತುದಿಗೆ ಬೆರಳಲ್ಲಿ ತಡವಿ ನೋಡಿದ ಮೇಲೆಯೇ ನಾನು ಮನೆ ಬಿಡುತ್ತಿದ್ದುದು. ಮರದ ಬುಡಕ್ಕೆ ಹೋದ ಮೇಲೂ ಆತುರವಿಲ್ಲ. ಕೊಡಲಿಯ ಹಿಂಬದಿಯಿಂದ ತಟ್ಟಿ ಕಿವಿಗೊಡಬೇಕು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಪೊಳ್ಳು. ಗಾಳಿ ಬೀಸುವಾಗ ಹತ್ತಬಾರದು. ಸೊಂಟಕ್ಕೆ ಹಗ್ಗ ಬಿಗಿಯದೆ ಕೊಡಲಿ ಎತ್ತಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಮೇಲಿರುವವನಿಗೆ ಎಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದ್ದರಿಂದ ನೆಲದ ಮೇಲೆ ಹಗ್ಗ ಹಿಡಿದವನ ಮಾತೇ ನಡೆಯಬೇಕು. ಮೇಲಿನವನು ಅರಚಲಿ, ಆಣೆ ಇಡಲಿ, ಕೇಳಕೂಡದು! ಈ ಕಟ್ಟಳೆ ಮಾಡಿದವನು ನಾನೇ. ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ದಿನಾ ಹೇಳಿ ಬಾಯಿಪಾಠ ಮಾಡಿಸಿದ್ದೆ. ಸುಡಲಿ ಆ ಬಾಯಿ!

ಆ ವರ್ಷ ಮದರಾಸು ಸರಕಾರದವರು ಕುರುಗೋಡಿನಿಂದ ಸಿರುಗುಪ್ಪದವರೆಗಿನ ಸಾಲುಮರಗಳಿಗೆ ಒಬ್ಬ ಖಾಯಂ ಮೇಸ್ತ್ರಿಯನ್ನು ನೇಮಿಸುತ್ತಾರೆಂಬ ಸುದ್ದಿ ಬಂತು. ತಿಂಗಳು ತಿಂಗಳು ಸಂಬಳ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಕೆಲಸವೆಂದರೆ ನೆಲದ ಮೇಲೆ ನಿಂತು, ತಲೆ ಎತ್ತಿ, "ಹಾಂ, ಹೂಂ" ಅನ್ನುವುದು. ನನಗೆ ಬಿಲ್ಲೆಗಿಂತ ಆ ನೆಲದ ಆಸೆ ಹೆಚ್ಚು. ಮೊಣಕಾಲು ಆಗಲೇ ಕಟಕಟ ಮಾತಾಡಲು ಶುರುಮಾಡಿತ್ತು. ಹೊಟ್ಟೆ ನನಗಿಂತ ಮುಂಚೆ ಮರ ಮುಟ್ಟುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಊರಿನವನೊಬ್ಬ ಆಲದ ಮರದಿಂದ ಬಿದ್ದು ತೀರಿಕೊಂಡ ಮೇಲೆ ನನ್ನ ಹೆಂಡತಿ ನೀಲವ್ವ, ಸಂಜೆ ನಾನು ಹೊಸ್ತಿಲು ದಾಟಿ ಒಳಗೆ ಬರುವವರೆಗೂ ಒಲೆ ಹೊತ್ತಿಸುತ್ತಿರಲಿಲ್ಲ. ಮೇಸ್ತ್ರಿಯಾದರೆ ಬದುಕಿದೆ. ಇಲ್ಲವಾದರೆ ಬೀಳುವ ತನಕ ಹತ್ತುತ್ತಲೇ ಇರಬೇಕು.

ಎದುರಾಳಿ ಒಬ್ಬನೇ. ನನ್ನ ಓರಗೆಯ ಹನುಮಪ್ಪ. ವರ್ಷಗಟ್ಟಲೆ ನನ್ನ ಜೊತೆಯೇ ಮರ ಹತ್ತಿದವನು. ಒಣಕಲು ಮೈ, ಉದ್ದ ನಾಲಗೆ. ಮರದ ಮೇಲೆ ಉಡದಂತೆ ಅಂಟಿಕೊಳ್ಳುತ್ತಾನೆ, ಕೆಳಗಿಳಿದರೆ ಮನುಷ್ಯರನ್ನು ಕಚ್ಚುತ್ತಾನೆ.

ಬಳ್ಳಾರಿಯಿಂದ ಓವರ್ಸೀಯರ್ ರಾಯರು ಬಂದು, ಊರ ಹೊರಗಿನ ಹುಣಸೆ ಮರದಲ್ಲಿ ರಸ್ತೆಗೆ ಬಾಗಿದ್ದ ಒಣ ಕೊಂಬೆಯೊಂದನ್ನು ಕಡಿಸಿ ನೋಡಿ, ಮೇಸ್ತ್ರಿ ಯಾರೆಂದು ಅಲ್ಲೇ ಹೇಳುವುದೆಂದು ಗೊತ್ತಾಯಿತು.

"ಏನ್ರೀ, ಸುಮ್ಮನ ಹನುಮಪ್ಪನ್ನ ಹತ್ತಿಸಿ ನೀವು ಕೆಳಗ ಹಗ್ಗ ಹಿಡಕೊಂಡು ನಿಂದರ್ರಿ. ಮೇಸ್ತ್ರಿ ಮಾಡೋ ಕೆಲಸ ಅದೇ ಅಲ್ಲೇನು?" ಎಂದಳು ನೀಲವ್ವ.

"ಹನುಮಪ್ಪ ಹತ್ತಿದ್ರ ಹನುಮಪ್ಪ ಕಾಣ್ತಾನ. ನಾ ಎಲ್ಲಿ ಕಾಣ್ತೀನಿ?"

"ನೀವು ಎಲ್ಲಿ ನಿಂತ್ರೂ ಕಾಣ್ತೀರಿ ಬಿಡ್ರಿ," ಎಂದು ಅವಳು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ರೊಟ್ಟಿ ಬಡಿಯತೊಡಗಿದಳು.

ಆ ನೋಟವೇ ನನ್ನ ತಲೆ ಕೆಡಿಸಿತು. ಮಾರನೆಯ ದಿನ ಸಿರಿಗೇರಿಗೆ ಹೋಗಿ ಅವಳ ತಮ್ಮ ಬಸಪ್ಪನ ಹೊಲದ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಬಸಪ್ಪ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾವಿಯೊಳಗಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೇರುತ್ತದೆ, ತೊಟ್ಟಿಗೆ ಧೋ ಎಂದು ಸುರಿಯುತ್ತದೆ, ಎತ್ತುಗಳು ಹಿಂದಕ್ಕೆ ನಡೆದರೆ ಖಾಲಿ ಚೀಲ ಕೆಳಗಿಳಿಯುತ್ತದೆ. ಎಷ್ಟೋ ವರ್ಷದಿಂದ ನೋಡುತ್ತಿದ್ದ ಕೆಲಸವೇ. ಆದರೆ ಅವತ್ತು ನನಗೆ ಜ್ಞಾನೋದಯವಾಯಿತು. ಆ ಚೀಲ ನನಗಿಂತ ಭಾರ. ಅದಕ್ಕೆ ಮೊಣಕಾಲಿಲ್ಲ. ಅದು ಯಾವ ಕೊಂಬೆಯನ್ನೂ ಹಿಡಿಯುವುದಿಲ್ಲ. ಆದರೂ ಏರುತ್ತದೆ! ಮನುಷ್ಯ ಬೀಳುವುದು ಮರ ಹತ್ತುವುದರಿಂದಲೇ. ಹತ್ತುವುದನ್ನೇ ಬಿಟ್ಟರೆ ಬೀಳುವ ಪ್ರಸಂಗವೇ ಒದಗದು!

ಇಂಥ ವಿಚಾರ ಹೊಳೆದ ತಲೆಯನ್ನು ಅಲ್ಲೇ ಬಾವಿಯಲ್ಲಿ ಅದ್ದಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಯಾರೂ ಅದ್ದಲಿಲ್ಲ.

ವಿಚಾರ ಕೇಳಿದ ಬಸಪ್ಪನಂತೂ ನನಗಿಂತ ಶಾಣ್ಯಾ. "ಮಸ್ತ್ ಐತಿ ಬಾವ! ನನ್ನ ಎತ್ತು ಇದ್ದಾಗ ನಿನಗ್ಯಾಕ ಚಿಂತಿ?" ಎಂದು ತನ್ನ ಕೆಂದ, ಹಂಡ ಎಂಬ ಎರಡೆತ್ತು, ಕಪಿಲೆಯ ತೊಗಲ ಹಗ್ಗ, ಎರಡು ರಾಟೆ, ಎಲ್ಲವನ್ನೂ ಹೊಡೆದುಕೊಂಡು ಬಂದ.

ರಾಯರು ಬರುವ ದಿನ ಒಂದು ರಾಟೆಯನ್ನು ಹುಣಸೆಯ ಹಸಿ ಕೊಂಬೆಗೆ ಕಟ್ಟಿಸಿದೆ. ಕಡಿಯಬೇಕಾದ ಒಣ ಕೊಂಬೆಗೇ ಕಟ್ಟಿಸದಷ್ಟು ಬುದ್ಧಿ ದೇವರು ಉಳಿಸಿದ್ದ. ಇನ್ನೊಂದು ರಾಟೆ ಬುಡದಲ್ಲಿ. ಅಲ್ಲಿಂದ ಹಗ್ಗ ನೇರ ಎತ್ತಿನ ನೊಗಕ್ಕೆ. ರಸ್ತೆಯ ದಿಬ್ಬದಿಂದ ಹೊಲಕ್ಕೆ ಇಳಿಜಾರು ಇದ್ದುದರಿಂದ ಎತ್ತುಗಳಿಗೆ ತವರುಮನೆಗೆ ಬಂದಷ್ಟು ಸಂತೋಷವಾಯಿತು. ನಾನು ಮನೆಯ ಉಯ್ಯಾಲೆಯ ಮಣೆ ತಂದು ಅದರ ಮೇಲೆ ಕೂತೆ. ಹೆದರಿದವನು ತನ್ನ ಗಂಟು ತಾನೇ ಬಿಚ್ಚಿಕೊಂಡು ಸಾಯುತ್ತಾನೆ ಎಂಬುದು ನನ್ನ ಇನ್ನೊಂದು ಕಟ್ಟಳೆ. ಆದ್ದರಿಂದ ಸೊಂಟವನ್ನೂ ಮಣೆಯನ್ನೂ ಸೇರಿಸಿ, ಗಂಟು ನನ್ನ ಕೈಗೆ ಎಟುಕದಂತೆ ಬೆನ್ನ ಹಿಂದೆ ಹಾಕಿಸಿದೆ.

ಹನುಮಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿದ. "ಎಲ್ಲಾ ಐತಿ ಈರಣ್ಣ. ಬಾವಿ ಒಂದು ಎಲ್ಲೈತಿ?" ಎಂದ.

"ಹೊಟ್ಟಿಕಿಚ್ಚು ಪಡಬ್ಯಾಡಲೇ ಹನುಮ್ಯಾ!"

ಓವರ್ಸೀಯರ್ ರಾಯರು ಜಟಕಾದಿಂದ ಇಳಿದರು. ಬಿಳಿ ಅಂಗಿ, ಜರಿ ರುಮಾಲು, ಕರಿ ಕೊಡೆ. ಊರೂ ಸೇರಿತ್ತು. ಬೇರೆ ಯಾವ ಕೆಲಸಕ್ಕೂ ಸಿಗದ ಮಂದಿ ಕೊಂಬೆ ಕಡಿಯುವುದನ್ನು ನೋಡಲು ಮಾತ್ರ ಎಲ್ಲೆಲ್ಲಿಂದಲೋ ಉದುರುತ್ತಾರೆ. ನಾನು ಮಣೆಯ ಮೇಲಿಂದಲೇ ಕೈ ಮುಗಿದು, "ಸ್ವಾಮೀ, ಮರ ಹತ್ತದೆ ಮರ ಏರುವ ಹೊಸ ಕ್ರಮವಿದು. ಪ್ರಾಣಕ್ಕೆ ಎಳ್ಳಷ್ಟೂ ಭಯವಿಲ್ಲ," ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದೆ.

"ಹೌದೇನಪ್ಪಾ? ತೋರ್ಸು ನೋಡೋಣ," ಎಂದರು ರಾಯರು.

ಬಸಪ್ಪ "ಹೋ" ಎಂದ. ಎತ್ತುಗಳು ನಡೆದವು. ನಾನು ಏರಿದೆ!

ಆಹಾ, ಏನು ಗಾಂಭೀರ್ಯ! ಮಂದಿ ಹೋ ಎಂದಿತು. ಒಣ ಕೊಂಬೆ ಸಮೀಪ ಬಂತು. ಕೊಡಲಿ ಎತ್ತಿದೆ. ಕೊಂಬೆ ಎದೆಮಟ್ಟಕ್ಕೆ ಬಂತು. "ನಿಲ್ಲಿಸು!" ಎಂದೆ. ಕೊಂಬೆ ಮೊಣಕಾಲಿನ ಮಟ್ಟಕ್ಕೆ ಹೋಯಿತು. "ನಿಲ್ಲಿಸಲೇ ಬಸ್ಯಾ!" ಎಂದು ಬೀಸಿದೆ. ಗಾಳಿಯನ್ನು ಚೆನ್ನಾಗಿ ಕಡಿದೆ. ಕೊಡಲಿ ಕೈ ಜಾರಿ ಕೆಳಗೆ ಹೋಗಿ ರಾಯರ ಪಕ್ಕದಲ್ಲಿ, ಕೊಡೆಯ ಅಂಚನ್ನು ಸವರಿ, ನೆಲದಲ್ಲಿ ನಾಟಿಕೊಂಡಿತು. ರಾಯರು ಕೊಡೆ ಮಡಚಿ ಜಟಕಾದ ಹಿಂದೆ ಹೋಗಿ ನಿಂತರು.

ನನ್ನ ತಲೆ ರಾಟೆಗೆ ಟಣ್ ಎಂದು ಬಡಿಯಿತು. ಗಟ್ಟಿ ಎಂದು ತಿಳಿಯಬೇಡಿ. ಆ ತಲೆಯ ಮಟ್ಟಿಗೆ ನನ್ನ ಪರೀಕ್ಷೆ ಸುಳ್ಳು. ಆಗ ಎತ್ತುಗಳು ನಿಂತವು.

"ಬಸ್ಯಾ, ಇಳಸು!"

"ಇಳಸಾಕ ಬರಂಗಿಲ್ಲ ಬಾವ."

"ಯಾಕಲೇ?"

"ಚೀಲ ಇನ್ನೂ ಖಾಲಿ ಆಗಿಲ್ಲ. ನೀರು ಸುರಿದ ಸಪ್ಪಳ ಕೇಳಬೇಕು, ಹಗ್ಗ ಹಗುರ ಆಗಬೇಕು. ಅಲ್ಲಿತನಕ ಅವು ಹಿಂದಕ ಹೆಜ್ಜಿ ಇಡಂಗಿಲ್ಲ. ಭಾಳ ಶಾಣ್ಯಾ ಎತ್ತು!"

"ನಾ ಎಲ್ಲಿಂದ ಖಾಲಿ ಆಗಲಲೇ?"

ಇದಕ್ಕೆ ಮಂದಿ ಕೊಟ್ಟ ಉತ್ತರಗಳನ್ನು ಬರೆಯುವುದು ಮರ್ಯಾದೆಯಲ್ಲ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

ಬಸಪ್ಪ ಎತ್ತುಗಳ ಮುಂದೆ ನಿಂತು ಮೂಗುದಾಣ ಹಿಡಿದು ಹಿಂದಕ್ಕೆ ತಳ್ಳಿದ. ಅವು ಅವನನ್ನೇ ಮುಂದಕ್ಕೆ ತಳ್ಳಿದವು. ಯಾರೋ ಒಬ್ಬ ಜಾಣ, "ನೀರಿನ ಸಪ್ಪಳಾ ಮಾಡ್ರಲೇ!" ಎಂದ. ತಗೋ, ಕೊಡಗಳು ಬಂದವು! ಮರದ ಬುಡದಲ್ಲಿ ಧೋ ಧೋ ಎಂದು ಸುರಿದರು. ಎತ್ತುಗಳ ಕಿವಿ ನಿಮಿರಿತು. ಹೆಜ್ಜೆ ಎತ್ತಿದವು. ಹಗ್ಗ ಇನ್ನೂ ಭಾರವಾಗಿಯೇ ಇದೆಯೆಂದು ತಿಳಿದು ಮತ್ತೆ ಇಟ್ಟವು. ಕೆಂದ ಹಿಂತಿರುಗಿ ಒಮ್ಮೆ ನನ್ನ ಕಡೆ ನೋಡಿತು. ಎಂಥ ದರಿದ್ರ ಚೀಲವಪ್ಪಾ ಇದು, ಎಂಬ ನೋಟ.

ಕೊನೆಗೆ ಹನುಮಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಕೊಡಲಿ ಸಿಕ್ಕಿಸಿಕೊಂಡು ಸರಸರನೆ ಹತ್ತಿ ಬಂದ. ನನ್ನನ್ನು ಮಣೆ ಸಮೇತ ಎಳೆದು ಹಸಿ ಕೊಂಬೆಯ ಮೇಲೆ ಕೂರಿಸಿದ. ಕಪಿಲೆಯ ಹಗ್ಗ ಹಗುರವಾಯಿತು. ಕೆಳಗೆ ಇನ್ನೊಂದು ಕೊಡ ಸುರಿಯಿತು. ಎತ್ತುಗಳು ಖುಷಿಯಿಂದ ಹಿಂದಕ್ಕೆ ಹೆಜ್ಜೆ ಇಟ್ಟವು.

"ಬದುಕಿದೆ! ಗಂಟು ಬಿಚ್ಚೋ ಹನುಮಪ್ಪಾ!"

"ಹೆದರಿದವನ ಗಂಟು ಬಿಚ್ಚಬಾರದು ಅಂತ ನೀನೇ ಹೇಳ್ತಿದ್ದೆಲ್ಲೋ ಈರಣ್ಣ. ಹೆದರೀಯೋ ಇಲ್ಲೋ, ಅಷ್ಟು ಹೇಳು."

"ಯಾರಲೇ ಹೆದರಿದವ?" ಎಂದು ಸಿಟ್ಟಿನಿಂದ ತಿರುಗಿದೆ. ತಿರುಗಿದ್ದೇ ಜಾರಿದೆ. ಒಂದು ಮೊಳ ಬಿದ್ದಿರಬೇಕು. ಹಗ್ಗ ಜಗ್ಗಿ ಹಿಡಿಯಿತು. ಆ ಜಗ್ಗು ಎತ್ತುಗಳಿಗೆ ಮುಟ್ಟಿತು. ಚೀಲ ನೀರಿಗೆ ಬಿದ್ದು ತುಂಬಿತೆಂದು ತಿಳಿದವು. ಮುಂದಕ್ಕೆ ನಡೆದವು!

ಟಣ್!

ಈ ಸಲ ಹನುಮಪ್ಪನೂ ನಗು ತಡೆಯಲಾರದೆ ಕೊಂಬೆಯನ್ನು ತಬ್ಬಿಕೊಂಡ. ನಾನು ಮೇಲಿಂದ ಆಜ್ಞೆ ಮಾಡಿದೆ. "ಲೇ, ಎತ್ತು ಬಿಚ್ಚಿ, ಹಗ್ಗಾನ ಮಂದಿ ಹಿಡೀರಲೇ! ಮೆಲ್ಲಕ ಬಿಡ್ರಿ!" ಅಂದು ನಾನಾಡಿದ ಒಂದೇ ಒಂದು ಬುದ್ಧಿಯ ಮಾತು ಅದು. ಯಾರೂ ಅಲುಗಲಿಲ್ಲ. ನನ್ನ ಗುಂಪಿನವರು ಕೈ ಕಟ್ಟಿ ನಿಂತು, "ಮ್ಯಾಲಿದ್ದವನ ಮಾತು ಕೇಳಂಗಿಲ್ಲ. ಹಗ್ಗದವನ ಮಾತೇ ಮಾತು," ಎಂದರು. ಹಗ್ಗದವನು ಬಸಪ್ಪ. ಅವನು, "ನನ್ನ ಎತ್ತಿಗೆ ಅವಮಾನ ಮಾಡಬ್ಯಾಡ್ರಿ. ಇನ್ನೊಂದು ಚೂರು ತಾಳ್ರಿ, ತಾವಾಗಿ ಬರ್ತಾವ," ಎನ್ನುತ್ತಿದ್ದ.

ಬಿಸಿಲು ನೆತ್ತಿಗೇರಿತು. ಮಣೆಯ ಹಗ್ಗ ತೊಡೆ ಕೊರೆಯುತ್ತಿತ್ತು. ಕಾಲು ಜೋಮು ಹಿಡಿದು ನನ್ನದೋ ಮರದ್ದೋ ತಿಳಿಯದಾಗಿತ್ತು. ಆಗ ಬುತ್ತಿ ಹೊತ್ತು ನೀಲವ್ವ ಬಂದಳು. ತಲೆ ಎತ್ತಿ ನೋಡಿದಳು. ನಗಲಿಲ್ಲ. ಅಷ್ಟು ಮಂದಿಯಲ್ಲಿ ನಗದಿದ್ದವಳು ಅವಳೊಬ್ಬಳೇ. ಬುತ್ತಿ ಕೆಳಗಿಟ್ಟು ಸೀದಾ ಹೋಗಿ ಬಿಗಿದು ನಿಂತಿದ್ದ ಹಗ್ಗಕ್ಕೆ ಎರಡೂ ಕೈ ಹಾಕಿದಳು.

"ಹಗ್ಗ ಹಿಡಿದವರ ಮಾತು ನಡೀಬೇಕಂತಲ್ಲ? ಈಗ ನಾ ಹಿಡಿದೀನಿ. ಬರ್ರಿ, ಎಲ್ಲಾರೂ ನನ್ನ ಹಿಂದ ಹಿಡೀರಿ. ಲೇ ಬಸ್ಯಾ, ಎತ್ತು ಬಿಚ್ಚು!"

"ಅಕ್ಕಾ, ಎತ್ತು..."

"ಎತ್ತಿಗೆ ಬುದ್ಧಿ ಐತಿ. ನಿಮಗಿಬ್ಬರಿಗೇ ಇಲ್ಲ. ಬಿಚ್ಚು!"

ಬಿಚ್ಚಿದ. ಊರಿನವರೆಲ್ಲ ಹಗ್ಗ ಹಿಡಿದರು. ನಾನು ಮೆಲ್ಲಗೆ, ದೇವರ ಉತ್ಸವಮೂರ್ತಿಯಂತೆ ಇಳಿಯತೊಡಗಿದೆ. ನೆಲ ಇನ್ನೇನು ಸಿಕ್ಕಿತೆನ್ನುವಾಗ ನನ್ನ ಮುಖ ಹತ್ತಿರದಿಂದ ಕಂಡು ಮಂದಿಗೆ ಮತ್ತೆ ನಗು ಬಂತು. ನಗುವವನ ಕೈಯಲ್ಲಿ ಹಗ್ಗ ನಿಲ್ಲುತ್ತದೆಯೇ? ಅಷ್ಟು ಹೊತ್ತು ಸುರಿದ ಕೊಡಗಳ ನೀರೆಲ್ಲ ಬುಡದಲ್ಲಿ ಒಳ್ಳೆಯ ಕೆಸರಾಗಿ ನಿಂತಿತ್ತು. ಅದರಲ್ಲಿ ಪಚಕ್ ಎಂದು ಕೂತೆ.

ಹನುಮಪ್ಪ ಮರದ ಮೇಲೇ ಇದ್ದನಲ್ಲ, ಹಾಗೆಯೇ ಒಣ ಕೊಂಬೆಗೆ ಇಳಿದ. ತಟ್ಟಿ ನೋಡಿದ. ಕೊಂಬೆಗೆ ಹಗ್ಗ ಕಟ್ಟಿ, ಸೀಳಿ ಹೋಗದಂತೆ ಮೊದಲು ಅಡಿಯಿಂದ ಅರ್ಧ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿದ. ಕೊಂಬೆ ಮುದ್ದಿನ ಮಗುವಿನಂತೆ ನೆಲ ಸೇರಿತು. ರೊಟ್ಟಿ ಮುರಿದಷ್ಟು ಸಲೀಸು! ರಾಯರು ಜಟಕಾದ ಹಿಂದಿನಿಂದ ಹೊರಬಂದು, ಮೊದಲು ಮೇಲೆ ನೋಡಿ, ಇನ್ನೇನೂ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಹನುಮಪ್ಪಾ, ಮೇಸ್ತ್ರಿ ನೀನು," ಎಂದರು. ಕೆಸರಿನಲ್ಲಿದ್ದ ನನ್ನ ಕಡೆ ತಿರುಗಿ, "ಮರ ಹತ್ತದೆ ಏರೋದನ್ನ ನೋಡಿದ್ವಿ ಈರಣ್ಣ. ಇನ್ನು ನೀನು ಹತ್ತೋದೂ ಬೇಡ, ಏರೋದೂ ಬೇಡ," ಎಂದು ಜಟಕಾ ಹತ್ತಿದರು. ಹತ್ತುವ ಮುನ್ನ ಬಸಪ್ಪನ ಎತ್ತುಗಳ ಬೆನ್ನು ತಟ್ಟುವುದನ್ನು ಮಾತ್ರ ಮರೆಯಲಿಲ್ಲ.

ರಾಯರ ಆಜ್ಞೆ ಸರಕಾರದ ಆಜ್ಞೆ. ಈಗ ನಾನು ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆಯೇ ಇರುತ್ತೇನೆ. ಬೇಡಿದ್ದು ಸಿಕ್ಕಿತು! ಹನುಮಪ್ಪ ಎದೆಯ ಮೇಲೆ ಬಿಲ್ಲೆ ಹೊಳೆಯಿಸುತ್ತ ಮರದ ಸುತ್ತ ಸುಣ್ಣದಲ್ಲಿ ದೊಡ್ಡದೊಂದು ಗೆರೆ ಎಳೆಯುತ್ತಾನೆ. "ಈರಣ್ಣ, ಕೊಂಬಿ ಬೀಳೋ ಜಾಗ ಇದು. ದಾಟಿ ಬರಬ್ಯಾಡಪ್ಪಾ," ಎನ್ನುತ್ತಾನೆ. ಗೆರೆಯ ಆಚೆ ನಾನು ನಿಲ್ಲುತ್ತೇನೆ. ಉದುರುವ ಚಿಗುರಿನ ಆಸೆಗೆ ಊರ ಮೇಕೆಗಳೂ ಬಂದು ನನ್ನ ಜೊತೆ ಸಾಲಾಗಿ ನಿಲ್ಲುತ್ತವೆ. ಅವು ಗೆರೆ ದಾಟದಂತೆ ನೋಡಿಕೊಳ್ಳುವುದು ನನ್ನ ಖಾಯಂ ಉದ್ಯೋಗ.

ಮೇಕೆಗಳು ನನ್ನ ಮಾತು ಕೇಳುವುದಿಲ್ಲ. ಮೇಸ್ತ್ರಿಯಾದರೂ ಮರ ಹತ್ತುವುದು ಬಿಡದ ಹನುಮಪ್ಪ ಮೇಲಿಂದ ಒಮ್ಮೆ "ಹಚ" ಎಂದರೆ ಸಾಕು, ಎಲ್ಲವೂ ಹಿಂದಕ್ಕೆ ಸರಿಯುತ್ತವೆ. ನಾನೂ ಸರಿಯುತ್ತೇನೆ.