ದೊಡ್ಡಮ್ಮ ಹನ್ನೊಂದು ಗಾಲಿಕುರ್ಚಿ ಕೇಳಿದ್ದು

ನಮ್ಮಪ್ಪ ನಮ್ಮಮ್ಮನಿಗೆ ಗಂಡನಾದದ್ದು ದೊಡ್ಡಮ್ಮ ಪಾಸ್ ಮಾಡಿದ್ದರಿಂದ! ಅದಕ್ಕೆ ಮೊದಲು ಬಂದಿದ್ದ ಮೂರು ವರಗಳೂ ರಿಜೆಕ್ಟ್. ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು ಅಮ್ಮನ ಈ ಅಕ್ಕ. ನಿವೃತ್ತಿಯಾದ ಮೇಲೆ ಸುಮ್ಮನಿರುತ್ತಾರೆಯೇ? ಕೊತ್ತಂಬರಿ ಕಟ್ಟಿನಿಂದ ಹಿಡಿದು ಡಾಕ್ಟರ್‌ವರೆಗೆ ಯಾರನ್ನೂ ಪರೀಕ್ಷಿಸದೆ ಬಿಡುವುದಿಲ್ಲ.

ಇಂಥವರು ಒಂದು ಪುಟ್ಟ ಟ್ರಸ್ಟ್ ನಡೆಸುತ್ತಾರೆ. ಕಾಯಿಲೆಯವರಿಗೆ ಗಾಲಿಕುರ್ಚಿ, ವಾಕರ್ ಉಚಿತವಾಗಿ ಎರವಲು ಕೊಡುವುದು ಅದರ ಕೆಲಸ. ಬೇಕಾದವರು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಆ ಸೈಟು ನಡೆಯುವ ತಂತ್ರಾಂಶವೋ ಓಬೀರಾಯನ ಕಾಲದ್ದು! ಹೊಸ ಆವೃತ್ತಿಗೆ ಬದಲಾಯಿಸದಿದ್ದರೆ ಸೋಮವಾರ ಸೈಟ್ ಬಂದ್ ಎಂದು ಸರ್ವರ್‌ನವರು ಎಚ್ಚರಿಸಿದರು. ಮನೆಯಲ್ಲಿ ಈ ವಿದ್ಯೆ ಗೊತ್ತಿದ್ದವಳು ನಾನೊಬ್ಬಳೇ. ಶನಿವಾರ ಬೆಳಿಗ್ಗೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಅರ್ಧ ಆಯುಷ್ಯ ಕಳೆದು, ಲ್ಯಾಪ್‌ಟಾಪ್ ಸಮೇತ ಅವರ ಮನೆ ಸೇರಿದೆ.

“ಹಳೇದೆಲ್ಲ ಕಾಪಿ ತೆಗೆದಿಟ್ಕೊಂಡ್ಯೇನೇ?”

“ಆಯ್ತು ದೊಡ್ಡಮ್ಮ.”

“ಓಪನ್ ಮಾಡಿ ತೋರ್ಸು.”

“ನನ್ ಮೇಲೆ ನಂಬಿಕೆ ಇಲ್ವಾ?”

“ನಿನ್ ಮೇಲಿದೆ. ಕಾಪಿ ಮೇಲಿಲ್ಲ.”

ತೆರೆದೆ. ಖಾಲಿ! ದೊಡ್ಡಮ್ಮ ಎದ್ದು ಹೋಗಿ ಕಾಫಿ ತಂದರು. ಬೈದಿದ್ದರೇ ವಾಸಿಯಿತ್ತು.

ಮತ್ತೆ ಸರಿಯಾಗಿ ಕಾಪಿ ತೆಗೆದು ಹೊಸ ಆವೃತ್ತಿ ಏರಿಸಿದರೆ, ಪರದೆಯ ಮೇಲಿನ ಕನ್ನಡವೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ!

“ಇದೇನೇ, ನನ್ನನ್ನೇ ಪ್ರಶ್ನೆ ಕೇಳ್ತಿದೆ?”

ಅವರನ್ನು ಹಾಗೆ ಪ್ರಶ್ನಿಸಿದ ಮೊದಲ ಪ್ರಾಣಿ ಆ ಸೈಟೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಮರಳಿದವು.

ಇನ್ನು ತಪಾಸಣೆ. ಕೆಂಪಾಪುರದಲ್ಲಿರುವ ತಮ್ಮ ನಾದಿನಿಯ ವಿಳಾಸ ಕೊಟ್ಟು ದೊಡ್ಡಮ್ಮ ಒಂದಾದ ಮೇಲೊಂದು ಅರ್ಜಿ ಹಾಕುತ್ತಲೇ ಹೋದರು. ಸ್ವಲ್ಪ ಹೊತ್ತಿಗೆ ಟ್ರಸ್ಟಿನ ವ್ಯಾನ್ ಡ್ರೈವರ್‌ನ ಫೋನು.

“ಅಮ್ಮಾರೇ, ಎಬ್ಬಾಳದ ತಾವ ಇದೀನಿ. ಒಂದೇ ಮನೇಗೆ ಅನ್ನೊಂದು ಗಾಲಿಕುರ್ಚಿ ಅಂತ ಬಂದದೆ. ಮನೆ ಮಾಳಿಗೆ ಏನಾರ ಕುಸೀತಾ?”

ನಾನು ನಕ್ಕು ನಕ್ಕು ಕುರ್ಚಿಯಿಂದ ಜಾರಿದೆ. ದೊಡ್ಡಮ್ಮನಿಗೆ ಮಾತ್ರ ಪರಮ ಸಂತೋಷ. “ನೋಡು, ಅರ್ಜಿ ಅವನ ಫೋನಿಗೂ ಹೋಗಿದೆ! ಈಗ ಎಲ್ಲ ಅಳಿಸ್ಬಿಡು.”

ಅಳಿಸುತ್ತಾ ಹೋದೆ. ಹನ್ನೊಂದು ಮುಗಿದರೂ ಇನ್ನೊಂದು ಉಳಿದಿತ್ತು.

“ಇದೂ ನಿಮ್ದೇನಾ ದೊಡ್ಡಮ್ಮ?”

“ನಾನ್ ಹಾಕಿದ್ದು ಹನ್ನೊಂದೇ ಕಣೇ. ಓದು.”

ಯಲಹಂಕದ ವಿಳಾಸ. ‘ನನ್ನ ಹೆಂಡತಿಗೆ ಸೊಂಟದ ಆಪರೇಷನ್ ಆಗಿದೆ. ವಾಕರ್ ಬೇಕು. ಬರೆಯುತ್ತಿರುವುದು ಇದು ನಾಲ್ಕನೇ ಸಲ.’

ಮೊದಲ ಮೂರನ್ನು ಹಳೆಯ ಸೈಟು ಸದ್ದಿಲ್ಲದೆ ನುಂಗಿಬಿಟ್ಟಿತ್ತು.

ನಾನು ತಲೆಯೆತ್ತುವಷ್ಟರಲ್ಲಿ ದೊಡ್ಡಮ್ಮ ಚಪ್ಪಲಿ ಮೆಟ್ಟಿ, ವಾಕರ್ ಹಿಡಿದು ಆಟೋ ಕೂಗುತ್ತಿದ್ದರು. ನಾನೂ ಹಿಂದೆಯೇ ಓಡಿ ಹತ್ತಿದೆ. ಯಲಹಂಕದ ಆ ಪುಟ್ಟ ಮನೆಯಲ್ಲಿ ನೆಲದ ಮೇಲೆ ಕುಕ್ಕರಿಸಿ, ವಾಕರಿನ ನಾಲ್ಕೂ ಕಾಲುಗಳನ್ನು ಆಪರೇಷನ್ ಆದಾಕೆಯ ಎತ್ತರಕ್ಕೆ ತಕ್ಕಂತೆ ಹೊಂದಿಸಿದರು. ಆಕೆ ಒಂದೊಂದೇ ಹೆಜ್ಜೆಯಿಟ್ಟು ಹೊಸ್ತಿಲವರೆಗೆ ಬಂದು, ಮುಖಕ್ಕೆ ಬಿಸಿಲು ಬಿದ್ದೊಡನೆ ಕಣ್ಣು ಕಿರಿದು ಮಾಡಿ ನಕ್ಕರು.

ನನಗೆ ತಿಳಿವಳಿಕೆ ಬಂದಾಗಿನಿಂದ ಯಾರ ಹತ್ತಿರವೂ ತಪ್ಪೊಪ್ಪಿಕೊಳ್ಳದ ದೊಡ್ಡಮ್ಮ ಆಕೆಯ ಕೈ ಹಿಡಿದರು.

“ತಪ್ಪಾಯ್ತಮ್ಮ. ಮೂರ್ ಸಲ ಕರ್ದಿದೀರಿ. ನಮಗೆ ಕೇಳಿಸ್ಲಿಲ್ಲ.”